ಹಳೆಯ ರೇಡ್ ಪೆಟ್ಟಿಗೆಗೆ ದೊಡ್ಡ ಡಿಸ್ಕ್ ಹಾಕಿದರೆ ಜಾಗ ತಾನಾಗಿಯೇ ಹೆಚ್ಚುತ್ತದೆಯೇ?

"ಎರಡು ಡಿಸ್ಕಿನ ಹಳೆಯ ಬಾಕ್ಸ್ ಎಸೆಯಬೇಡಿ. ಒಂದು ಡಿಸ್ಕ್ ತೆಗೆದು ದೊಡ್ಡದು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಇನ್ನೊಂದನ್ನೂ ಬದಲಿಸಿ. ಡೇಟಾ ಹಾಗೇ ಇರುತ್ತದೆ, ಜಾಗ ದುಪ್ಪಟ್ಟಾಗುತ್ತದೆ." ಫೋಟೋ ಸ್ಟುಡಿಯೋ ನಡೆಸುವವರ, ವಿಡಿಯೋ ಎಡಿಟಿಂಗ್ ಮಾಡುವವರ ನಡುವೆ ಇಂಥ ಸಲಹೆ ಆಗಾಗ ಓಡಾಡುತ್ತದೆ. ಇದು ಪೂರ್ತಿ ಸುಳ್ಳಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಹೀಗೆ ಮಾಡಲು ನಿಜಕ್ಕೂ ಸಾಧ್ಯ. ಆದರೆ ಎಲ್ಲ ಪೆಟ್ಟಿಗೆಗೂ ಇದೇ ಮಾತು ಎಂದುಕೊಂಡು ಸ್ಕ್ರೂಡ್ರೈವರ್ ಹಿಡಿದರೆ ಹತ್ತು ವರ್ಷದ ಮದುವೆ ಫೋಟೋಗಳು ಒಂದೇ ರಾತ್ರಿಯಲ್ಲಿ ಹೋಗಬಹುದು.

ರೇಡ್ ಎಂಬ ಹೆಸರು ಬಂದದ್ದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ. ಒಂದು ದುಬಾರಿ ಡಿಸ್ಕ್ ಮಾಡುವ ಕೆಲಸವನ್ನು ಅಗ್ಗದ ಹಲವು ಡಿಸ್ಕ್‌ಗಳು ಸೇರಿ ಮಾಡಬಲ್ಲವು ಎಂದು ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರಾಂಡಿ ಕಾಟ್ಜ್ 1988ರಲ್ಲಿ ಬರೆದರು. ಇದರಲ್ಲಿ ಹಲವು ಬಗೆಗಳಿವೆ. ರೇಡ್ 1 ಎಂದರೆ ಕನ್ನಡಿ: ಎರಡು ಡಿಸ್ಕಿನಲ್ಲೂ ಒಂದೇ ಮಾಹಿತಿ. ರೇಡ್ 0 ಎಂದರೆ ಪ್ರತಿ ಫೈಲನ್ನೂ ಚೂರು ಮಾಡಿ ಎರಡಕ್ಕೂ ಹಂಚುವುದು. ವೇಗ ಹೆಚ್ಚು, ಆದರೆ ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ರೇಡ್ 5ಕ್ಕೆ ಕನಿಷ್ಠ ಮೂರು ಡಿಸ್ಕ್ ಬೇಕು, ಅದು ಒಂದು ಡಿಸ್ಕಿನ ಸಾವನ್ನು ತಡೆದುಕೊಳ್ಳುತ್ತದೆ.

ಆ ಸಲಹೆ ಹೊಂದುವುದು ಕನ್ನಡಿಯ ಬಗೆಗೆ ಮಾತ್ರ. ಕೆಲವು ಪೆಟ್ಟಿಗೆಗಳು ಅಂಗಡಿಯಿಂದ ಬರುವಾಗಲೇ ರೇಡ್ 0ರಲ್ಲಿ ಇರುತ್ತವೆ. ಅಂಥದ್ದರಲ್ಲಿ ಒಂದು ಡಿಸ್ಕ್ ಎಳೆದು ಹೊಸದು ಹಾಕಿದರೆ ಮರುಜೋಡಣೆ ಎಂಬುದೇ ಇಲ್ಲ. ನಿಮ್ಮದು ಯಾವುದು ಎಂದು ತಿಳಿಯಲು ಸುಲಭದ ಲೆಕ್ಕವಿದೆ. ಒಳಗೆ 2 ಟಿಬಿಯ ಎರಡು ಡಿಸ್ಕ್ ಇದ್ದು ವಿಂಡೋಸ್ ಸುಮಾರು 1.8 ಟಿಬಿ ತೋರಿಸಿದರೆ ಅದು ಕನ್ನಡಿ. ಸುಮಾರು 3.6 ತೋರಿಸಿದರೆ ಅಲ್ಲ, ಮುಟ್ಟಬೇಡಿ.

ಇನ್ನೊಂದು ತೊಡಕು 2 ಟಿಬಿಯ ಗೋಡೆ. ಹಾರ್ಡ್ ಡಿಸ್ಕಿನಲ್ಲಿ ಮಾಹಿತಿ ಸೆಕ್ಟರ್ ಎಂಬ ಸಣ್ಣ ಖಾನೆಗಳಲ್ಲಿ ಕೂರುತ್ತದೆ, ಹಳೆಯ ರೂಢಿಯಲ್ಲಿ ಒಂದು ಖಾನೆಗೆ 512 ಬೈಟ್. ಪ್ರತಿ ಖಾನೆಗೂ ಮನೆ ನಂಬರಿನಂತೆ ಒಂದು ಸಂಖ್ಯೆ. ಹಳೆಯ ಪೆಟ್ಟಿಗೆಗಳ ಎಷ್ಟೋ ಚಿಪ್‌ಗಳು ಈ ನಂಬರಿಗೆ 32 ಬಿಟ್ ಮಾತ್ರ ಮೀಸಲಿಟ್ಟಿದ್ದವು. ಅದರಲ್ಲಿ ಬರೆಯಬಹುದಾದ ನಂಬರುಗಳು ಸುಮಾರು 429 ಕೋಟಿ. ಅದನ್ನು 512ರಿಂದ ಗುಣಿಸಿದರೆ ಸುಮಾರು 2.2 ಲಕ್ಷ ಕೋಟಿ ಬೈಟ್, ಅಂದರೆ 2.2 ಟಿಬಿ. ಅಲ್ಲಿಂದಾಚೆಗೆ ಜಾಗವಿದ್ದರೂ ವಿಳಾಸವಿಲ್ಲ. ಇಂಥ ಪೆಟ್ಟಿಗೆಗೆ 4 ಟಿಬಿ ಡಿಸ್ಕ್ ಹಾಕಿದರೆ ಕೆಲವು 2.2 ಟಿಬಿಗೇ ನಿಲ್ಲುತ್ತವೆ. ಇನ್ನು ಕೆಲವು, ಸ್ಕೂಟರಿನ ಮೀಟರ್ 99999 ಆದಮೇಲೆ ಸೊನ್ನೆಗೆ ಬರುವಂತೆ, ಎಣಿಕೆ ತಿರುಗಿ ಸುಮಾರು 1.6 ಟಿಬಿ ಎನ್ನುತ್ತವೆ. ಕೆಲಸ ಮಾಡುತ್ತಿದೆಯಲ್ಲ ಎಂದು ತುಂಬಿಸುತ್ತ ಹೋದರೆ ಹೊಸ ಫೈಲು ಹಳೆಯದರ ಮೇಲೆ ಕೂರುವ ಅಪಾಯವೂ ಉಂಟು. ಪೆಟ್ಟಿಗೆ ಸರಿಯಿದ್ದರೂ ಡಿಸ್ಕನ್ನು ಎಂಬಿಆರ್ ಎಂಬ ಹಳೆಯ ಬಗೆಯಲ್ಲಿ ಸಿದ್ಧಪಡಿಸಿದ್ದರೆ ಇದೇ ಮಿತಿ ಬರುತ್ತದೆ. ಅದಕ್ಕೆ ಜಿಪಿಟಿ ಬಗೆ ಬೇಕು. ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ತಯಾರಕರ ಪುಟದಲ್ಲಿ ನಿಮ್ಮ ಮಾಡೆಲ್ ಗರಿಷ್ಠ ಎಷ್ಟು ಟಿಬಿ ಒಪ್ಪುತ್ತದೆ ಎಂದು ನೋಡಿ.

ಕನ್ನಡಿಯಲ್ಲೂ ಜಾಗ ತಾನಾಗಿ ಬೆಳೆಯುವುದಿಲ್ಲ. 2 ಟಿಬಿಯ ಜೋಡಿಯನ್ನು ಒಂದೊಂದಾಗಿ 4 ಟಿಬಿಗೆ ಬದಲಿಸಿದರೂ ಹಳೆಯ ಪೆಟ್ಟಿಗೆಗಳಲ್ಲಿ ಹಲವು 2 ಟಿಬಿಯನ್ನೇ ತೋರಿಸುತ್ತ ಕೂರುತ್ತವೆ, ಏಕೆಂದರೆ ಅವು ನಕಲು ಮಾಡಿದ್ದು ಹಳೆಯ ಗಾತ್ರವನ್ನೇ. ಹಿಗ್ಗಿಸುವ ಸೌಲಭ್ಯ ಇದ್ದರೆ ಸರಿ, ಇಲ್ಲದಿದ್ದರೆ ಎಲ್ಲ ಅಳಿಸಿ ಹೊಸದಾಗಿ ಕಟ್ಟಬೇಕು. ಸಮಯವೂ ಕಡಿಮೆಯದಲ್ಲ. ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೂ 4 ಟಿಬಿ ತುಂಬಲು ಸುಮಾರು 11 ಗಂಟೆ, 8 ಟಿಬಿಗೆ 22 ಗಂಟೆ. ಅಷ್ಟು ಹೊತ್ತೂ ನಿಮ್ಮ ಮಾಹಿತಿ ಇರುವುದು ಒಂದೇ ಹಳೆಯ ಡಿಸ್ಕಿನಲ್ಲಿ, ಅದೂ ವರ್ಷಗಳಿಂದ ದುಡಿದು ಈಗ ತುದಿಯಿಂದ ತುದಿಗೆ ಓದಿಸಿಕೊಳ್ಳುತ್ತಿರುವ ಡಿಸ್ಕ್. ನಡುವೆ ಕರೆಂಟ್ ಹೋದರೆ? ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಇದರ ಇನ್ನೊಂದು ತುದಿಯ ಉತ್ಪ್ರೇಕ್ಷೆಯೂ ಇದೆ: "ದೊಡ್ಡ ಡಿಸ್ಕ್ ಹಾಕಿದರೆ ರೇಡ್ 5 ಮರುಜೋಡಣೆ ಖಂಡಿತ ವಿಫಲ." ಈ ವಾದದ ಬೇರು ಡಿಸ್ಕಿನ ಮಾಹಿತಿ ಹಾಳೆಯಲ್ಲಿರುವ ಒಂದು ಸಾಲು. 10ರ ಘಾತ 14 ಬಿಟ್, ಅಂದರೆ 12.5 ಟಿಬಿ ಓದುವಷ್ಟರಲ್ಲಿ ಓದಲಾಗದ ಒಂದು ದೋಷ ಬರಬಹುದು ಎಂದು ಅಲ್ಲಿದೆ. ಆದರೆ ಅದು ತಯಾರಕರು ಕೊಡುವ ಮೇಲ್ಮಿತಿ, ಸರಾಸರಿಯಲ್ಲ. ಹಾಗಾಗಿ 'ಖಂಡಿತ' ಎಂಬ ಪದಕ್ಕೆ ಆಧಾರವಿಲ್ಲ, ಎಚ್ಚರಕ್ಕೆ ಮಾತ್ರ ಇದೆ.

ಡಿಸ್ಕ್ ಕೊಳ್ಳುವಾಗ ಟಿಬಿ ಮತ್ತು ಬೆಲೆ ಎರಡನ್ನೇ ನೋಡಿದರೆ ಸಾಲದು. ಕೆಲವು ಡಿಸ್ಕ್‌ಗಳಲ್ಲಿ ಮಾಹಿತಿಯ ಸಾಲುಗಳನ್ನು ಮನೆಯ ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಅರೆಬರೆ ಹೊದಿಸಿರುತ್ತಾರೆ. ಇದಕ್ಕೆ ಎಸ್‌ಎಂಆರ್ ಎನ್ನುತ್ತಾರೆ. ಒಂದು ಹೆಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕಾಗುವಂತೆ ಇಲ್ಲಿ ಒಂದು ಸಾಲು ತಿದ್ದಲು ಹಲವನ್ನು ಮತ್ತೆ ಬರೆಯಬೇಕು. ಫೈಲು ಹಾಕಿಟ್ಟು ಮರೆಯಲು ಪರವಾಗಿಲ್ಲ, ರೇಡ್ ಮರುಜೋಡಣೆಯಲ್ಲಿ ಮಾತ್ರ ಇವು ವಿಪರೀತ ನಿಧಾನ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ ಕೆಲವು ಡಿಸ್ಕ್‌ಗಳಲ್ಲಿ ಇದನ್ನು ಹೇಳದೆ ಬಳಸಿದ್ದು ಬಯಲಾಗಿ ಗದ್ದಲವಾಯಿತು. ಆಮೇಲೆ ಹಳೆಯ ವಿಧಾನದ, ಅಂದರೆ ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಎಂಬ ಹೆಸರು ಬಂತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ "ಸಿಎಂಆರ್ ಹೌದಾ?" ಎಂದು ಕೇಳಿ, ಮಾಡೆಲ್ ನಂಬರನ್ನು ತಯಾರಕರ ಪಟ್ಟಿಯಲ್ಲಿ ತಾಳೆ ನೋಡಿ. ಹೊಸ ಡಿಸ್ಕ್ ತಿರುಗಲೇ ಇಲ್ಲ ಎಂದರೆ ಅದು ಕೆಟ್ಟಿದೆ ಎಂದೇ ಅಲ್ಲ. ಕೆಲವು ಹೊಸ ಡಿಸ್ಕ್‌ಗಳು ಪವರ್ ಕನೆಕ್ಟರಿನ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಅದನ್ನು 'ಆಫ್ ಆಗು' ಎಂಬ ಸೂಚನೆಯಾಗಿ ಓದುತ್ತವೆ.

ಇಷ್ಟೆಲ್ಲ ಆದಮೇಲೂ ರೇಡ್ ಬ್ಯಾಕಪ್ ಅಲ್ಲ. 2021ರ ಜೂನ್‌ನಲ್ಲಿ ಮೈ ಬುಕ್ ಲೈವ್ ಮತ್ತು ಎರಡು ಡಿಸ್ಕಿನ ಮೈ ಬುಕ್ ಲೈವ್ ಡ್ಯುಯೋ ಪೆಟ್ಟಿಗೆಗಳನ್ನು ದುಷ್ಕರ್ಮಿಗಳು ಇಂಟರ್ನೆಟ್ ಮೂಲಕವೇ ಅಳಿಸಿಹಾಕಿದರು. ಆ ಮಾಡೆಲ್‌ಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ 2015ರಲ್ಲೇ ನಿಂತಿತ್ತು. ಅಳಿಸು ಎಂಬ ಆದೇಶ ಬಂದರೆ ಕನ್ನಡಿಯ ಎರಡೂ ಬದಿ ಒಟ್ಟಿಗೆ ಖಾಲಿಯಾಗುತ್ತದೆ.

ಹಾಗಾಗಿ ಪೆಟ್ಟಿಗೆ ಮುಟ್ಟುವ ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ನಾಲ್ಕಾರು ಫೈಲು ತೆರೆದು ನೋಡಿ. ಹಳೆಯ ಡಿಸ್ಕ್‌ಗಳ ಮೇಲೆ ಎಡ, ಬಲ ಎಂದು ಬರೆದು ಎರಡನ್ನೂ ಒಟ್ಟಿಗೆ ತೆಗೆಯಿರಿ. ಒಂದೇ ಗಾತ್ರದ ಎರಡು ಹೊಸ ಡಿಸ್ಕ್ ಹಾಕಿ, ಹೊಸದಾಗಿ ಕನ್ನಡಿ ಕಟ್ಟಿ, ಆಮೇಲೆ ನಕಲನ್ನು ಮರಳಿ ತುಂಬಿ. ತೆಗೆದ ಹಳೆಯ ಜೋಡಿಯನ್ನು ಒಂದೆರಡು ತಿಂಗಳು ಬೀರುವಿನಲ್ಲಿಡಿ. ಅದರಲ್ಲೊಂದನ್ನು ಹೊಸ ಡಿಸ್ಕಿನ ಪಕ್ಕಕ್ಕೆ "ನೋಡೋಣ" ಎಂದು ಸಿಕ್ಕಿಸಬೇಡಿ. ಪೆಟ್ಟಿಗೆ ಅದನ್ನು ಖಾಲಿ ಡಿಸ್ಕ್ ಎಂದು ತಿಳಿದು ಕೇಳದೆಯೇ ಅಳಿಸಿ ತುಂಬಲು ಶುರುಮಾಡಬಹುದು.