ಹೋದಳು, ಹೋಗುತ್ತಿದ್ದಳು

ಗವಿಪುರಂನಲ್ಲಿ ನನ್ನ ಬಳಿ ಉರ್ದು ಓದಲು ಬರುತ್ತಿದ್ದ ಹುಡುಗಿಯೊಬ್ಬಳು ಈಗ ಪದವಿ ತರಗತಿಯಲ್ಲಿದ್ದಾಳೆ. ಅಲ್ಲಿ ಸ್ಪ್ಯಾನಿಷ್ ಭಾಷೆ ತೆಗೆದುಕೊಂಡಿದ್ದಾಳೆ. ಇಪ್ಪತ್ತರಷ್ಟು ದೇಶಗಳ ಅಧಿಕೃತ ಭಾಷೆಯದು. ಬೆಂಗಳೂರಿನ ಕಂಪೆನಿಗಳಲ್ಲಿ ಅದನ್ನು ಬಲ್ಲವರಿಗೆ ಕೆಲಸವೂ ಇದೆ. ವರ್ತಮಾನ ಕಾಲದವರೆಗೆ ಹುಡುಗಿ ಚೆನ್ನಾಗಿಯೇ ಕಲಿತಳು. ಭೂತಕಾಲದ ಪಾಠ ಬಂದಾಗ, "ಆಪಾ, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಇದು ತಲೆಗೆ ಹೋಗುತ್ತಿಲ್ಲ, ಬಿಟ್ಟುಬಿಡುತ್ತೇನೆ" ಎಂದಳು. ನಮ್ಮ ಮಕ್ಕಳಿಗೆ ಈ ಪರದೇಶದ ಭಾಷೆಯೆಲ್ಲ ಯಾಕೆ ಎಂದು ಅವಳ ಅಮ್ಮಿಯೂ ದನಿಗೂಡಿಸಿದರು.

ಅವಳ ಪುಸ್ತಕವನ್ನು ತರಿಸಿ ನೋಡಿದೆ. ಹುಡುಗಿಯ ಬುದ್ಧಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಪಾಠವೆಲ್ಲ ಇಂಗ್ಲಿಷಿನ ಮೂಲಕ ಸಾಗುತ್ತಿತ್ತು, ತೊಡಕು ಅಲ್ಲಿತ್ತು. 'ನಿನ್ನೆ ಹೋದೆ' ಎನ್ನಲೂ 'ಚಿಕ್ಕಂದಿನಲ್ಲಿ ದಿನವೂ ಹೋಗುತ್ತಿದ್ದೆ' ಎನ್ನಲೂ ಇಂಗ್ಲಿಷಿನಲ್ಲಿ 'ವೆಂಟ್' ಎಂಬ ಒಂದೇ ಪದ ಸಾಕಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಸಾಕಾಗದು. ಕನ್ನಡದಲ್ಲೂ ಸಾಕಾಗದು, ಉರ್ದುವಿನಲ್ಲೂ ಇಲ್ಲ. ಹಾಗಿರುವಾಗ ಇಂಗ್ಲಿಷಿನ ಬಾಗಿಲಿನಿಂದಲೇ ಒಳಗೆ ಹೋಗಬೇಕೆಂಬ ಹಟವೇಕೆ?

ಮದ್ರಸದಲ್ಲಿ ಫಾರ್ಸಿ ಓದಿದವರಿಗೆ 'ಆಮದ್‌ನಾಮ' ನೆನಪಿರಬಹುದು. ಭೂತಕಾಲದ ಆರು ಬಗೆಗಳನ್ನು ಉಸ್ತಾದರ ಮುಂದೆ ರಾಗವಾಗಿ ಒಪ್ಪಿಸುತ್ತಿದ್ದೆವು. ಮಾಝಿ ಮುತ್ಲಖ್ ಎಂದರೆ ಬರಿಯ ಭೂತಕಾಲ, 'ಹೋದಳು'. ಮಾಝಿ ಕರೀಬ್ ಹತ್ತಿರದ್ದು, 'ಹೋಗಿದ್ದಾಳೆ'. ಮಾಝಿ ಬಯೀದ್ ದೂರದ್ದು, 'ಹೋಗಿದ್ದಳು'. ಮಾಝಿ ಇಸ್ತಿಮ್ರಾರಿ ನಡೆಯುತ್ತಲೇ ಇದ್ದದ್ದು, 'ಹೋಗುತ್ತಿದ್ದಳು'. ಉಳಿದೆರಡು ಸಂಶಯದ್ದು ಮತ್ತು ಹಂಬಲದ್ದು, ಅವು ಇಲ್ಲಿ ಬೇಡ. ಸ್ಪ್ಯಾನಿಷ್ ಪುಸ್ತಕದಲ್ಲಿದ್ದದ್ದೂ ಈ ನಾಲ್ಕೇ: ಫುಎ, ಆ ಇದೊ, ಆಬಿಯಾ ಇದೊ, ಇಬಾ. ಸಾಲಾಗಿ ಹೋದಳು, ಹೋಗಿದ್ದಾಳೆ, ಹೋಗಿದ್ದಳು, ಹೋಗುತ್ತಿದ್ದಳು. ಹುಡುಗಿಯ ಮುಖ ಅರಳಿತು.

ಇವುಗಳಲ್ಲಿ ಪರೀಕ್ಷೆಯಲ್ಲಿ ಕಾಡುವುದು ಮೊದಲನೆಯದು ಮತ್ತು ಕೊನೆಯದು. 'ಅಡುಗೆ ಮಾಡುತ್ತಿದ್ದೆ, ಕರೆಂಟ್ ಹೋಯಿತು' ಎನ್ನುತ್ತೇವಲ್ಲ, ಸ್ಪೇನಿನವರು 'ಕೊಸಿನಾಬಾ ಕ್ವಾಂದೊ ಸೆ ಫುಎ ಲಾ ಲೂಸ್' ಎನ್ನುತ್ತಾರೆ. ಅಡುಗೆ ಹರಿಯುತ್ತಿರುವ ಕೆಲಸ, ಕರೆಂಟ್ ಹೋದದ್ದು ಥಟ್ಟನೆ ಆಗಿ ಮುಗಿದದ್ದು. ಅಲ್ಲಿಯೂ ಬೆಳಕು 'ಹೋಗುತ್ತದೆ' ನೋಡಿ!

ಈ ವ್ಯತ್ಯಾಸ ಸಣ್ಣದೆಂದು ತಿಳಿಯಬೇಡಿ. ಪ್ರವಾದಿ(ಸ)ಯವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಅಸ್ವದ್ ಎಂಬವರು ಹ. ಆಯಿಷಾ(ರ)ರೊಡನೆ ವಿಚಾರಿಸಿದ ವರದಿ ಬುಖಾರಿಯಲ್ಲಿದೆ. ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ವೇಳೆಯಾದರೆ ಹೊರಡುತ್ತಿದ್ದರು ಎಂಬುದು ಆ ಉತ್ತರದ ಸಾರ. ಅರಬಿಯಲ್ಲಿ ಅಲ್ಲಿರುವುದು 'ಕಾನ'ದೊಂದಿಗೆ ಬರುವ ಕ್ರಿಯಾಪದ. ಅದು ರೂಢಿಯನ್ನು ಹೇಳುತ್ತದೆ. ಅದನ್ನು 'ಒಮ್ಮೆ ಮನೆಕೆಲಸ ಮಾಡಿದರು' ಎಂದು ಅನುವಾದಿಸಿದರೆ ನಮ್ಮ ಮನೆಯ ಗಂಡಸರಿಗೆ ಎಷ್ಟು ಅನುಕೂಲವಾದೀತು!

ಹುಡುಗಿ ಬಹಳ ತಡವರಿಸಿದ ಇನ್ನೊಂದು ಜಾಗವಿದೆ. 'ಸಾಬಿಯಾ' ಮತ್ತು 'ಸೂಪೆ' ಒಂದೇ ಕ್ರಿಯಾಪದದ ಎರಡು ರೂಪಗಳು. ಆದರೆ ಅರ್ಥ ಬೇರೆಯಾಗುತ್ತದೆ ಎಂದು ಪುಸ್ತಕದಲ್ಲಿ ಒಂದು ಪುಟ ವಿವರಣೆ ಕೊಟ್ಟಿದ್ದರು. ನಮಗೆ ಎರಡು ಪದ ಸಾಕು: ಗೊತ್ತಿತ್ತು, ಗೊತ್ತಾಯಿತು. ಉರ್ದುವಿನಲ್ಲಿ ಮಾಲೂಮ್ ಥಾ, ಮಾಲೂಮ್ ಹುವಾ. ಹಾಗೆಯೇ 'ಕೊನೊಸಿಯಾ' ಎಂದರೆ ಪರಿಚಯವಿತ್ತು, 'ಕೊನೊಸಿ' ಎಂದರೆ ಪರಿಚಯವಾಯಿತು.

ಇನ್ನು ಎಷ್ಟು ಕಾಲ ನಡೆಯಿತು ಎಂಬುದರ ವಿಷಯ. ಬಹಳ ವರ್ಷ ನಡೆದದ್ದೆಲ್ಲ 'ಉತ್ತಿದ್ದ' ರೂಪಕ್ಕೆ ಸೇರುತ್ತದೆಂದು ಮಕ್ಕಳು ಭಾವಿಸುತ್ತಾರೆ. 'ಗವಿಪುರಂನಲ್ಲಿ ಹತ್ತು ವರ್ಷ ವಾಸ ಮಾಡಿದೆವು' ಎನ್ನುವಾಗ ನಾವು ಲೆಕ್ಕ ಮುಗಿಸಿಬಿಟ್ಟಿದ್ದೇವೆ. ಸ್ಪ್ಯಾನಿಷ್‌ನಲ್ಲಿಯೂ ಅಲ್ಲಿ ಮುಗಿದ ಭೂತಕಾಲವೇ ಬರಬೇಕು. 'ಆಗ ನಾವು ಗವಿಪುರಂನಲ್ಲಿ ವಾಸ ಮಾಡುತ್ತಿದ್ದೆವು' ಎಂದರೆ ಮಾತ್ರ ಇನ್ನೊಂದು.

ಆದರೆ ಮನೆಮಾತು ಎಲ್ಲ ಕಡೆಯೂ ಕೈಹಿಡಿಯುವುದಿಲ್ಲ. 'ಮನೆ ದೊಡ್ಡದಾಗಿತ್ತು', 'ಆಗ ಐದು ಗಂಟೆ', 'ನನಗೆ ಹತ್ತು ವರ್ಷ' ಎನ್ನುವಾಗ ಕನ್ನಡದಲ್ಲಿ 'ಉತ್ತಿದ್ದ' ಸುಳಿಯುವುದೇ ಇಲ್ಲ. ಸ್ಪ್ಯಾನಿಷ್‌ನಲ್ಲಿ ಹಿನ್ನೆಲೆಯನ್ನು ಹೇಳುವ ಇಂಥ ಮಾತುಗಳಿಗೆಲ್ಲ ಇಸ್ತಿಮ್ರಾರಿಯೇ ಬೇಕು. ಇದನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕು. 'ಫುಎ' ಎಂಬುದು 'ಹೋದಳು' ಎಂದೂ ಆಗುತ್ತದೆ, 'ಆಗಿದ್ದಳು' ಎಂದೂ ಆಗುತ್ತದೆ. ಅದು ಇನ್ನೊಂದು ತಲೆನೋವು. ಸಮಾಧಾನವೆಂದರೆ ಇಸ್ತಿಮ್ರಾರಿಯಲ್ಲಿ ದಾರಿ ತಪ್ಪುವ ಕ್ರಿಯಾಪದಗಳು ಮೂರೇ: ಇರುವುದು, ಹೋಗುವುದು, ನೋಡುವುದು. ಉಳಿದವೆಲ್ಲ ಶಿಸ್ತಿನವು.

ಸ್ಪೇನಿನಲ್ಲಿ ಮುಸ್ಲಿಮರ ಆಳ್ವಿಕೆ 711ರಲ್ಲಿ ಆರಂಭವಾಗಿ 1492ರಲ್ಲಿ ಗ್ರಾನಡಾದ ಪತನದೊಂದಿಗೆ ಕೊನೆಗೊಂಡಿತು. ಹಾಗಾದರೆ ಈ ಕಾಲಗಳೂ ಅರಬಿಯಿಂದ ಬಂದವೇ ಎಂದು ಹುಡುಗಿ ಕೇಳಿದಳು. ಇಲ್ಲ, ಅವು ಲ್ಯಾಟಿನ್‌ನಿಂದ ಬಂದವು. ಅರಬಿಯಿಂದ ಬಂದದ್ದು ಮುಖ್ಯವಾಗಿ ಪದಗಳು. ಸಕ್ಕರೆಗೆ ಅಸೂಕರ್, ಎಣ್ಣೆಗೆ ಅಸೈತೆ, ತಲೆದಿಂಬಿಗೆ ಆಲ್‌ಮೊಆದಾ. ಅಲ್ಲಾಹನ ಇಚ್ಛೆಯಿದ್ದರೆ ಎಂಬ ಅರ್ಥದ ಅರಬಿ ಮಾತಿನಿಂದ ಹುಟ್ಟಿದ 'ಓಹಲಾ' ಇಂದಿಗೂ ಅವರ ನಾಲಗೆಯ ಮೇಲಿದೆ. ಇದನ್ನು ಕೇಳಿದ ಮೇಲೆ ಅವಳ ಅಮ್ಮಿ ಆ ಭಾಷೆಯನ್ನು ಪರದೇಶದ್ದು ಎನ್ನುವುದನ್ನು ಬಿಟ್ಟರು.

ಕಾಲೇಜಿನಲ್ಲಿ ಅಧ್ಯಾಪಕರನ್ನು ಕೇಳಲು ಹಿಂಜರಿಯುವ ಹುಡುಗಿಯರಿಗೆ ಇನ್ನೊಂದು ಮಾತು. 'ಒಂದು ವಿಷಯ ಕೇಳಬೇಕಿತ್ತು' ಎಂದು ನಾವು ಹಿರಿಯರ ಮುಂದೆ ವಿನಯದಿಂದ ಆರಂಭಿಸುತ್ತೇವೆ. ಕೇಳುವುದು ಈಗಲೇ, ಆದರೂ ಮಾತು ಭೂತಕಾಲದಲ್ಲಿ. 'ಏಕ್ ಬಾತ್ ಪೂಛ್‌ನಿ ಥಿ' ಎನ್ನುವುದೂ ಹೀಗೆಯೇ. ಸ್ಪ್ಯಾನಿಷ್‌ನಲ್ಲಿ ಆ ಮಾತು 'ಕೆರಿಯಾ' ಎಂದು ಆರಂಭವಾಗುತ್ತದೆ, ಅದೂ ಇಸ್ತಿಮ್ರಾರಿಯೇ. ಮೊದಲು ಅದನ್ನು ಕಲಿಯಿರಿ. ತರಗತಿಯಲ್ಲಿ ಕೈಯೆತ್ತಿ ಕೇಳಲು ಅಷ್ಟು ಸಾಕು.