ಒಂದು ‘ದಿ’ ತಂದ ತೊಡಕು

ಬಸವ ಜಯಂತಿಯ ನಿಮಿತ್ತ ಹೊರದೇಶದ ಬಂಧುಗಳಿಗೆ ಕಳುಹಿಸಲೆಂದು ನಮ್ಮ ಬಳಗದ ತರುಣನೊಬ್ಬನು ಶರಣತತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಟ ಬರೆದನು. ಕಾಯಕದ ಹಿರಿಮೆಯನ್ನು ಹೇಳುವೆಡೆ ‘ದಿ ವರ್ಕ್ ಈಸ್ ದಿ ವರ್ಷಿಪ್’ ಎಂದಿದ್ದನು. ಅದನ್ನು ನೋಡಿ ಒಪ್ಪಿದವರು ನಾವೇ. ಅಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮೊಮ್ಮಗಳು ಅದನ್ನೋದಿ, “ಯಾವ ಕೆಲಸ, ಅಜ್ಜಾ?” ಎಂದು ದೂರವಾಣಿಯಲ್ಲಿ ಕೇಳಿದಾಗಲೇ ನಮಗೆ ಎಚ್ಚರವಾಯಿತು.

ತಪ್ಪು ಚಿಕ್ಕದು, ಅರ್ಥಕ್ಕೆ ಆದ ಹಾನಿ ದೊಡ್ಡದು. ‘ದಿ’ ಎಂಬುದು ನಿರ್ದಿಷ್ಟವಾದುದನ್ನು ಬೆರಳಿಟ್ಟು ತೋರಿಸುವ ಪದ. ಶರಣರಾದರೋ ಯಾವುದೋ ಒಂದು ಕೆಲಸವನ್ನು ಮಾತ್ರ ಪೂಜೆಯೆನ್ನಲಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹರಳಯ್ಯ ಇವರೆಲ್ಲರ ಕಾಯಕವೂ ಸಮಾನವೆಂದರು. ಆದುದರಿಂದ ‘ವರ್ಕ್ ಈಸ್ ವರ್ಷಿಪ್’ ಎಂದರೆ ಸಾಕು. ‘ದಿ’ ಸೇರಿದೊಡನೆ ಎಲ್ಲರ ಕಾಯಕ ಯಾರೋ ಒಬ್ಬರ ಕೆಲಸವಾಗಿಬಿಡುತ್ತದೆ.

ಪ್ರೀತಿ, ದಯೆ, ಪ್ರಾಮಾಣಿಕತೆ ಮೊದಲಾದ ಭಾವನಾಮಗಳನ್ನು ಸಾಮಾನ್ಯಾರ್ಥದಲ್ಲಿ ಹೇಳುವಾಗ ಇಂಗ್ಲಿಷಿನಲ್ಲಿ ಆರ್ಟಿಕಲ್ ಬೇಕಿಲ್ಲ. ‘ಆನೆಸ್ಟಿ ಈಸ್ ದಿ ಬೆಸ್ಟ್ ಪಾಲಿಸಿ’ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಇಲ್ಲಿ ‘ಆನೆಸ್ಟಿ’ಗೆ ‘ದಿ’ ಇಲ್ಲ. ಎಲ್ಲಕ್ಕಿಂತ ಮೇಲೆಂದು ಹೇಳುವ ‘ಬೆಸ್ಟ್’ ಇರುವುದರಿಂದ ‘ಪಾಲಿಸಿ’ಗೆ ಮಾತ್ರ ಬಂದಿದೆ. ‘ಗ್ರೇಟ್ ಪೇಶನ್ಸ್’ ಎಂದು ವಿಶೇಷಣ ಸೇರಿಸಿದರೂ ‘ದಿ’ ಬೇಡ. ಆದರೆ ಇಂಥವರ ತಾಳ್ಮೆಯೆಂದು ಗೊತ್ತುಪಡಿಸಿದಾಗ ‘ದಿ ಪೇಶನ್ಸ್ ಆಫ್ ಮೈ ಮದರ್’ ಎನ್ನಬೇಕು.

‘ಎ’, ‘ಆ್ಯನ್’ಗಳ ವಿಷಯದಲ್ಲಿಯೂ ಎಚ್ಚರವಿರಲಿ. ‘ಆ್ಯನ್ ಅಡ್ವೈಸ್’ ಎಂಬುದು ತಪ್ಪು. ‘ಎ ಪೀಸ್ ಆಫ್ ಅಡ್ವೈಸ್’ ಎಂಬುದು ಸರಿ. ಆದರೂ ‘ಎ ಗುಡ್ ನಾಲೆಡ್ಜ್ ಆಫ್ ಕನ್ನಡ’ ಎನ್ನುವುದುಂಟು. ಇಂಥವನ್ನು ಓದಿನ ಬಳಕೆಯಿಂದಲೇ ಅರಿಯಬೇಕು.

ಕನ್ನಡದಲ್ಲಿ ಆರ್ಟಿಕಲ್ ಇಲ್ಲವಾದುದರಿಂದ ಅದನ್ನು ಮರೆತೇವೆಂಬ ಅಂಜಿಕೆಯಿಂದ ಎಲ್ಲೆಡೆಯೂ ‘ದಿ’ ಹಚ್ಚುತ್ತೇವೆ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ತಾಯಂದಿರು ನಮ್ಮ ಮೊಮ್ಮಗಳ ಪ್ರಶ್ನೆಯನ್ನೇ ಅಳತೆಗೋಲಾಗಿಸಿಕೊಳ್ಳಬಹುದು. ‘ದಿ’ ಬರೆಯುವ ಮುನ್ನ ‘ಯಾವ?’ ಎಂದು ಕೇಳಿರಿ. ಗೊತ್ತಾದ ಉತ್ತರವಿದ್ದರೆ ಬಹುಮಟ್ಟಿಗೆ ‘ದಿ’ ಬೇಕು; ಉತ್ತರವಿಲ್ಲದಿದ್ದರೆ ಬಿಟ್ಟುಬಿಡಿರಿ.

ಆ ತರುಣನೂ ನಾವೂ ಕೂಡಿ ಪುಟವನ್ನು ತಿದ್ದಿ ಮತ್ತೆ ಕಳುಹಿಸಿದ್ದೇವೆ. ಶರಣರ ಮಾತನ್ನು ಬೇರೆ ನುಡಿಯಲ್ಲಿ ಮಕ್ಕಳಿಗೆ ಮುಟ್ಟಿಸುವಾಗ ಅದರ ಅರ್ಥವನ್ನು ಕುಗ್ಗಿಸದಿರುವುದೂ ಒಂದು ಕಾಯಕವೇ.