ಮರಳಿ ಬಂದ ಕಾಕಾನಿಗೆ ವೀರಗಲ್ಲಿಲ್ಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹಳ್ಳಿಗಳಲ್ಲಿ ಒಬ್ಬರಾದರೂ ‘ಮಿಲ್ಟ್ರಿ ಕಾಕಾ’ ಸಿಗುತ್ತಾರೆ. ಕಬ್ಬಿಗೆ ನೀರು ಬಿಡಲು ಹೊರಟಾಗಲೂ ಅವರ ನಡಿಗೆ ನೆಟ್ಟಗೆ. ಮನೆಯ ಮೂಲೆಯಲ್ಲಿ ಬಿಳಿ ಬಣ್ಣದಲ್ಲಿ ಹೆಸರು, ನಂಬರು ಬರೆದ ಕರಿ ಟ್ರಂಕು. ಕನ್ನಡ, ಮರಾಠಿ ಎರಡೂ ಮನೆಮಾತಿನಂತೆ ಬರುತ್ತವೆ; ಸಿಟ್ಟು ಬಂದರೆ ಮಾತ್ರ ಪಲ್ಟನ್ನಿನ ಹಿಂದಿ. ಸ್ವಂತ ಅಣ್ಣ-ತಮ್ಮಂದಿರ ಮಕ್ಕಳಿಗಷ್ಟೇ ಅಲ್ಲ, ಇಡೀ ಓಣಿಗೆ ಅವರು ಕಾಕಾ.

ಇಂಥವರು ತೀರಿಕೊಂಡ ದಿನ ಊರು ಸೇರುತ್ತದೆ. ಮಾಜಿ ಸೈನಿಕರು ಬಂದು ಸೆಲ್ಯೂಟ್ ಹೊಡೆಯುತ್ತಾರೆ, ಬಸ್‌ ಸ್ಟ್ಯಾಂಡಿನ ಬಳಿ ಫ್ಲೆಕ್ಸ್ ಏಳುತ್ತದೆ. ವರ್ಷ ಕಳೆಯುವುದರೊಳಗೆ ಉಳಿಯುವುದು ಹಾರ ಹಾಕಿದ ಒಂದು ಫೋಟೊ, ಒಂದಿಷ್ಟು ಪದಕ. ಆ ಪದಕ ಯಾವ ಲಡಾಯಿಯದು ಎಂದು ಕೇಳಿದರೆ ಮನೆಯ ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಕನ್ನಡ ನಾಡು ಸೈನಿಕರನ್ನು ಮರೆತ ನಾಡಲ್ಲ. ಊರಿಗಾಗಿ, ದನಕರುಗಳಿಗಾಗಿ ಕಾದಾಡಿ ಸತ್ತವರಿಗೆ ಸಾವಿರ ವರ್ಷದ ಹಿಂದೆಯೇ ವೀರಗಲ್ಲು ನೆಟ್ಟ ನಾಡು ಇದು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಮನೆಮನೆಯಲ್ಲಿ ದೀಪ ಹಚ್ಚಿದ ಜನ ನಾವು. ಆದರೆ ವೀರಗಲ್ಲು ನಿಲ್ಲುವುದು ಸತ್ತವರಿಗೆ. ಕಾದಾಡಿ ಜೀವಂತ ಮರಳಿ, ಮೂವತ್ತು-ನಲವತ್ತು ವರ್ಷ ನಮ್ಮ ನಡುವೆಯೇ ಬಾಳಿದವರಿಗೆ ಕಲ್ಲೂ ಇಲ್ಲ, ಕಾಗದವೂ ಇಲ್ಲ.

ಬ್ರಿಟಿಷರು ಮಾಡಿದ್ದೂ ಅರ್ಧ ಕೆಲಸವೇ. ಮೊದಲ ಮಹಾಯುದ್ಧದ ನಂತರ ದೇಶದ ಹಲವು ಹಳ್ಳಿಗಳಲ್ಲಿ ಫಲಕ ಹಾಕಿಸಿದರು: ಈ ಊರಿನಿಂದ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಮಡಿದರು. ಲೆಕ್ಕ ಇತ್ತು, ಹೆಸರಿರಲಿಲ್ಲ.

ಈ ಭಾಗದ ಹುಡುಗರು ಸೈನ್ಯದ ದಾರಿ ಹಿಡಿಯಲು ಕಾರಣ ಹತ್ತಿರದಲ್ಲೇ ಇದೆ. ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಅದರ ಹಿರಿಯ ಪಲ್ಟನ್ ಹುಟ್ಟಿದ್ದು 1768ರಲ್ಲಿ. ‘ಜಂಗಿ ಪಲ್ಟನ್’ ಎಂದೇ ಅದಕ್ಕೆ ಹೆಸರು. 1971ರ ಡಿಸೆಂಬರ್ 10ರ ರಾತ್ರಿ ಈಗಿನ ಬಾಂಗ್ಲಾದೇಶದ ಜಮಾಲ್ಪುರದಿಂದ ಢಾಕಾ ಕಡೆಗೆ ತಪ್ಪಿಸಿಕೊಳ್ಳಲು ಹೊರಟ ಪಾಕಿಸ್ತಾನಿ ತುಕಡಿಗೆ ದಾರಿಯಲ್ಲಿ ಅಡ್ಡ ಕುಳಿತಿದ್ದು ಇದೇ ಪಲ್ಟನ್. ಮರುದಿನ ಜಮಾಲ್ಪುರ ಶರಣಾಯಿತು, ಅದಾದ ಐದನೇ ದಿನ ಢಾಕಾ. ಕಮಾಂಡರುಗಳ ಹೆಸರು ಪುಸ್ತಕಗಳಲ್ಲಿದೆ. ಆ ರಾತ್ರಿಯ ಚಳಿಯಲ್ಲಿ ದಾರಿ ಕಾದು ಕುಳಿತ ಸಿಪಾಯಿ ಏನು ಕಂಡ, ಪಕ್ಕದಲ್ಲಿ ಯಾರಿದ್ದರು ಎಂಬುದು ಅವನ ತಲೆಯೊಳಗೆ ಮಾತ್ರ ಇದೆ.

ಕಾಕಾಗಳು ತಾವಾಗಿ ಹೇಳುವವರಲ್ಲ. “ಲಡಾಯಿ ಹೆಂಗಿತ್ತು ಕಾಕಾ?” ಎಂದರೆ, “ಥಂಡಿ ಭಾಳ ಇತ್ತಪಾ” ಎಂದು ಮಾತು ಮುಗಿಸಿಬಿಡುತ್ತಾರೆ. ಆದ್ದರಿಂದ ಪದಕದಿಂದ ಶುರು ಮಾಡುವುದು ಒಳ್ಳೆಯದು. ‘ಪೂರ್ವಿ ಸ್ಟಾರ್’ ಇದ್ದರೆ 1971ರಲ್ಲಿ ಪೂರ್ವದ ರಣಾಂಗಣ, ‘ಪಶ್ಚಿಮಿ ಸ್ಟಾರ್’ ಇದ್ದರೆ ಪಶ್ಚಿಮದ್ದು, ‘ಸಮರ ಸೇವಾ ಸ್ಟಾರ್’ ಇದ್ದರೆ 1965ರದು. ಡಿಸ್ಚಾರ್ಜ್ ಬುಕ್ಕಿನಲ್ಲಿ ಸರ್ವಿಸ್ ನಂಬರು ಸಿಗುತ್ತದೆ. ಇಷ್ಟು ಗೊತ್ತಿದ್ದು ಕೇಳಿದವರಿಗೆ ಕಾಕಾ ಬಾಯಿ ಬಿಡುತ್ತಾರೆ.

ಅಮೆರಿಕದ ಸಂಸತ್ತು 2000ದಲ್ಲಿ ಇದಕ್ಕಾಗಿಯೇ ಒಂದು ಯೋಜನೆ ತಂದಿತು. ಮಾಜಿ ಸೈನಿಕರ ನೆನಪುಗಳನ್ನು ಅವರ ಮನೆಯವರೇ ಕನಿಷ್ಠ 30 ನಿಮಿಷ ರೆಕಾರ್ಡ್ ಮಾಡಿ ಕಳಿಸಿದರೆ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಾಡುತ್ತದೆ. ನಮ್ಮಲ್ಲಿ ಹಳ್ಳಿ ಹುಡುಗರ ಕೈಯಲ್ಲೂ ಮೊಬೈಲ್ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ. ಊರಿನ ಮಾಜಿ ಸೈನಿಕರ ಹೆಸರು, ಪಲ್ಟನ್, ಸೇವೆಯ ವರ್ಷ, ಅವರದೇ ದನಿಯ ಒಂದು ಪ್ರತಿ ಅಲ್ಲಿರಲಿ. ಸೈನಿಕ ಕಲ್ಯಾಣ ಇಲಾಖೆ ಈ ಕೆಲಸವನ್ನು ಗಡಿ ಭಾಗದ ಈ ಐದು ತಾಲ್ಲೂಕುಗಳಿಂದಲೇ ಆರಂಭಿಸಲಿ.

ಇಲಾಖೆಗಾಗಿ ಕಾಯುವ ಹೊತ್ತು ಮಾತ್ರ ಇದಲ್ಲ. ದೀಪಾವಳಿಗೆ ಊರಿಗೆ ಬಂದವರು ಒಂದು ಸಂಜೆ ಕಾಕಾನ ಕಟ್ಟೆಯ ಮೇಲೆ ಕೂತು ಆ ಕರಿ ಟ್ರಂಕು ತೆರೆಸಲಿ. ಜಮಾಲ್ಪುರದ ದಾರಿಯಲ್ಲಿ ಇಪ್ಪತ್ತು ವರ್ಷದವನಾಗಿ ಕೂತಿದ್ದ ಸಿಪಾಯಿಗೆ ಈಗ ಎಪ್ಪತ್ತೈದರ ಆಸುಪಾಸು.